ಕುರ್ಚಿ ಹೋಯ್ತು, ತೀರ್ಪು ಉಳಿಯಿತು
ಬೊಮ್ಮಾಯಿ ಹೂಡಿದ ದಾವೆ ಗಡಿಯಾಚೆಯ ನಮ್ಮ ವೋಟಿಗೂ ಕಾವಲು

ನಾವು ಹಾಕಿದ ವೋಟಿಗೆ ಬೆಲೆ ಎಷ್ಟು ದಿನ? ಗಡಿಯಾಚೆಯ ಕನ್ನಡಿಗರು ಒಂದಲ್ಲ ಒಂದು ಕಾಲದಲ್ಲಿ ಹೀಗೆ ಕೇಳಿಕೊಂಡವರೇ.

ಕಾಸರಗೋಡಿನವರೂ ವೋಟು ಹಾಕಿದ್ದ ಚುನಾವಣೆಯಲ್ಲಿ ಗೆದ್ದ ಇಎಂಎಸ್ ಸರಕಾರವನ್ನು ಕೇಂದ್ರ 1959ರ ಜುಲೈ 31ರಂದು ವಜಾ ಮಾಡಿತು. ಹೊಸೂರು, ತಾಳವಾಡಿಯವರು 1976ರಲ್ಲೂ 1991ರಲ್ಲೂ ಕರುಣಾನಿಧಿ ಸರಕಾರ ಮನೆಗೆ ಹೋದದ್ದನ್ನು ಕಂಡರು. 1980ರಲ್ಲಿ ಮಹಾರಾಷ್ಟ್ರದ ಶರದ್ ಪವಾರ್ ಸರಕಾರಕ್ಕೂ ಅದೇ ಗತಿ; ಸೊಲ್ಲಾಪುರ, ಜತ್ತದ ಹಿರಿಯರನ್ನು ಕೇಳಿ ನೋಡಿ. ಆದವಾನಿ, ರಾಯದುರ್ಗದವರಿಗೆ 1984ರ ಆಗಸ್ಟ್ ಮರೆತಿರಲಿಕ್ಕಿಲ್ಲ. ಬಹುಮತ ಇದೆ ಅಂದರೂ ಕೇಳದೆ ರಾಜ್ಯಪಾಲ ರಾಮಲಾಲ್ ಅವರು ಎನ್.ಟಿ. ರಾಮರಾಯರನ್ನು ಇಳಿಸಿದರು. ಜನ ಬೀದಿಗಿಳಿದರು. ಒಂದೇ ತಿಂಗಳಲ್ಲಿ ರಾಮರಾಯರು ಮತ್ತೆ ಮುಖ್ಯಮಂತ್ರಿ!

ಸರಕಾರಗಳನ್ನು ಹೀಗೆ ಕೆಡಹುವ ಚಾಳಿಗೆ ಲಗಾಮು ಬಿದ್ದದ್ದು ಒಬ್ಬ ಕನ್ನಡಿಗ ಮುಖ್ಯಮಂತ್ರಿ ಹೂಡಿದ ದಾವೆಯಿಂದ.

ರಾಜಭವನದ ಲೆಕ್ಕ

ಹುಬ್ಬಳ್ಳಿಯ ವಕೀಲ, ಏಕೀಕರಣಕ್ಕಾಗಿ ದುಡಿದ ಎಸ್.ಆರ್. ಬೊಮ್ಮಾಯಿ 1988ರ ಆಗಸ್ಟ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದರು. ಎಂಟು ತಿಂಗಳಲ್ಲೇ ಶಾಸಕರೊಬ್ಬರು, ಬೆಂಬಲ ವಾಪಸ್ ಪಡೆದಿದ್ದೇವೆ ಎನ್ನುವ 19 ಪತ್ರ ಹಿಡಿದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಮುಂದೆ ನಿಂತರು. ಆ 19 ಮಂದಿಯಲ್ಲಿ ಏಳು ಮಂದಿ, ತಪ್ಪು ಹೇಳಿ ಸಹಿ ಹಾಕಿಸಿಕೊಂಡರು ಎಂದು ತಿರುಗಿ ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇವೆ, ಬೇಕಿದ್ದರೆ ಅಧಿವೇಶನ ಬೇಗನೆ ಕರೆಯಿರಿ ಎಂದು ಬೊಮ್ಮಾಯಿ ಕೇಳಿಕೊಂಡರು. ಯಾರೂ ಕಿವಿಗೊಡಲಿಲ್ಲ. 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು.

ಬೊಮ್ಮಾಯಿ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯ್ತು. ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. 356ನೇ ವಿಧಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ತಪ್ಪೆಂದು ಕಂಡರೆ ಹೋದ ಸರಕಾರವನ್ನು ಮರಳಿ ಕೂರಿಸಲೂಬಹುದು. ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ.

ಹಾಗಂತ ರಾಜ್ಯಗಳಿಗೆ ಮನಬಂದಂತೆ ನಡೆಯಲು ಪರವಾನಗಿ ಸಿಕ್ಕಿತೆಂದಲ್ಲ. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದ ಅದೇ ಪೀಠ, 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರಕಾರಗಳ ವಜಾವನ್ನು ಎತ್ತಿಹಿಡಿಯಿತು.

ಫಲ ಉಂಡವರು ಬೇರೆಯವರು

ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ತೀರ್ಪು ಬರುವ ಹೊತ್ತಿಗೆ ಐದು ವರ್ಷ ಕಳೆದಿತ್ತು, ಚುನಾವಣೆ ನಡೆದು ಬೇರೆ ಸರಕಾರ ಬಂದಾಗಿತ್ತು. ಅವರು 2007ರಲ್ಲಿ ತೀರಿಕೊಂಡರು. ಆದರೆ 2016ರ ಮೇ ತಿಂಗಳಲ್ಲಿ ಉತ್ತರಾಖಂಡದ ಹರೀಶ್ ರಾವತ್ ಸದನದಲ್ಲೇ ಬಹುಮತ ತೋರಿಸಿ ಅಧಿಕಾರಕ್ಕೆ ಮರಳಿದರು. ಅದೇ ಜುಲೈನಲ್ಲಿ ಅರುಣಾಚಲದ ನಬಂ ತುಕಿ ಸರಕಾರವನ್ನು ಸುಪ್ರೀಂ ಕೋರ್ಟೇ ಮರಳಿ ಕೂರಿಸಿತು.

ಮಂಜೇಶ್ವರದಲ್ಲಾಗಲಿ, ಅಕ್ಕಲಕೋಟೆ, ಮಡಕಶಿರಾದಲ್ಲಾಗಲಿ, ಸರಕಾರದ ಭಾಷೆ ಬೇರೆಯಿರಬಹುದು. ಆರಿಸಿದವರಲ್ಲಿ ನಾವೂ ಇದ್ದೇವಲ್ಲ. ಅದನ್ನು ಇಳಿಸುವುದಿದ್ದರೆ ನಾವು ಕಳಿಸಿದ ಶಾಸಕರು ಸದನದಲ್ಲಿ ಎಲ್ಲರೆದುರು ಕೈಯೆತ್ತಿ ಇಳಿಸಲಿ. ಮನೆಯಲ್ಲಿ ಮೊದಲ ಸಲ ವೋಟು ಹಾಕುವ ಮಕ್ಕಳಿದ್ದರೆ, ಮತಗಟ್ಟೆಗೆ ಹೋಗುವ ಮುಂಚೆ ಈ ಕತೆ ಒಮ್ಮೆ ಹೇಳಿ.