ಇಂಗ್ಲಿಷಿನಲ್ಲಿ ಕಾಲದ ಗಡಿ: ‘ಬೈ’ ಮತ್ತು ‘ಅಂಟಿಲ್’

ಟಿಕೋಟಾ, ಬಬಲೇಶ್ವರಗಳಿಂದ ವಿಜಯಪುರದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳ ಇತಿಹಾಸದ ಉತ್ತರಗಳಲ್ಲಿ ‘ಬೈ’, ‘ಅಂಟಿಲ್’ಗಳು ಅದಲುಬದಲಾಗುವುದುಂಟು. ಕನ್ನಡದ ಗ್ರಂಥಭಾಷೆಯು ‘ಒಳಗೆ’, ‘ವರೆಗೆ’ ಎಂದು ಭೇದವೆಣಿಸುತ್ತದೆ. ಈ ನಗರದ ದಖ್ಖನಿಯಲ್ಲಾದರೋ ‘ತಕ್’ ಒಂದೇ ಎರಡಕ್ಕೂ ಸಲ್ಲುತ್ತದೆ.

ಭೇದದ ಮೂಲವಿರುವುದು ಕ್ರಿಯಾಪದದಲ್ಲಿ. ಆಳುವುದು, ಇರುವುದು ಮುಂತಾದ ಮುಂದುವರಿಯುವ ಕ್ರಿಯೆಗೆ ‘ಅಂಟಿಲ್’. ಮುಗಿಯುವುದು, ತಲುಪುವುದು ಮುಂತಾದ ಕ್ಷಣದಲ್ಲಿ ಪೂರೈಸುವ ಕ್ರಿಯೆಗೆ ‘ಬೈ’. ಆದರೆ ನಿಷೇಧಾರ್ಥದಲ್ಲಿ ‘ಅಂಟಿಲ್’ ಕ್ಷಣಿಕ ಕ್ರಿಯೆಗೂ ಸೇರುತ್ತದೆ. ಆಗದಿರುವಿಕೆಯೂ ಒಂದು ಮುಂದುವರಿದ ಸ್ಥಿತಿಯಷ್ಟೆ.

ವಿಜಾಪುರದ ಕೋಟೆ ಔರಂಗಜೇಬನ ವಶವಾದುದು 1686ರಲ್ಲಿ. ‘ಬೈ 1686 ದಿ ಫೋರ್ಟ್ ಹ್ಯಾಡ್ ಫಾಲನ್’ ಎಂದರೆ ಅದು ಮೊದಲೇ ಬಿದ್ದಿರಲೂಬಹುದು. ‘ದಿ ಫೋರ್ಟ್ ಡಿಡ್ ನಾಟ್ ಫಾಲ್ ಅಂಟಿಲ್ 1686’ ಎಂದರೆ ಆ ವರ್ಷವೇ ಬಿದ್ದಿತು. ಇತಿಹಾಸಕಾರನಿಗೆ ಇದು ಬರಿಯ ವ್ಯಾಕರಣವಲ್ಲ, ಕಾಲನಿರ್ಣಯ.