ತುತ್ತಿನೊಡನೆ ಮಾತೂ ಬೇಕು

ಎಳೆಯ ಮಕ್ಕಳನ್ನು ಕರೆತರುವ ತಾಯಂದಿರ ಮೊದಲ ಪ್ರಶ್ನೆ ಒಂದೇ: “ಮಗು ಬೆಳೆಯುತ್ತಿಲ್ಲ, ಏನು ಉಣಿಸಬೇಕು?” ರಾಗಿ ಮಣ್ಣಿ, ಹೆಸರುಬೇಳೆಯ ಕಟ್ಟು, ಹಸುವಿನ ತುಪ್ಪ ಎಂದು ನಾನು ಹೇಳುತ್ತ ಬಂದಿದ್ದೇನೆ. ಆದರೆ “ಮಗುವಿನೊಡನೆ ಯಾರು ಆಡುತ್ತಾರೆ, ಯಾರು ಮಾತನಾಡುತ್ತಾರೆ?” ಎಂದು ಕೇಳುವುದನ್ನು ಬಹುಕಾಲ ಮರೆತಿದ್ದೆ. ಆ ಮರೆವನ್ನು ತಿದ್ದಿದ್ದು ಜಮೈಕಾ ದ್ವೀಪದಲ್ಲಿ ನಡೆದ ಒಂದು ಅಧ್ಯಯನ.

ವೈದ್ಯೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಿಂದ, ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಆರಿಸಿಕೊಂಡರು. ಅವರ ವಯಸ್ಸು 9ರಿಂದ 24 ತಿಂಗಳು. ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿಯ ಪೂರಕ ಆಹಾರ, ಇನ್ನೊಂದಕ್ಕೆ ಆಟ ಮತ್ತು ಮಾತು, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಆಟವೆಂದರೆ ದುಬಾರಿ ಸಾಮಗ್ರಿಯಲ್ಲ. ಆರೋಗ್ಯ ಕಾರ್ಯಕರ್ತೆಯೊಬ್ಬಳು ವಾರಕ್ಕೊಮ್ಮೆ ಮನೆಗೆ ಬಂದು, ಒಂದು ಗಂಟೆ ಕುಳಿತು, ಮನೆಯಲ್ಲೇ ತಯಾರಿಸಬಹುದಾದ ಆಟಿಕೆಗಳಿಂದ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ಕಲಿಸುತ್ತಿದ್ದಳು.

ಎರಡು ವರ್ಷಗಳ ಫಲವು 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಹಾರವೂ ಮನೋವಿಕಾಸಕ್ಕೆ ನೆರವಾಗಿತ್ತು, ಆಟವೂ ನೆರವಾಗಿತ್ತು. ಎರಡೂ ದೊರೆತ ಮಕ್ಕಳು ಸಹಜ ಎತ್ತರದ ಓರಗೆಯವರ ಸಮೀಪಕ್ಕೆ ಬಂದಿದ್ದರು. ಕಾಲ ಸಂದಂತೆ ಆಹಾರ ಮಾತ್ರ ಪಡೆದವರ ಲಾಭ ಕರಗಿತು, ಆಟ ಮತ್ತು ಮಾತಿನ ಲಾಭ ಉಳಿಯಿತು. ಇಪ್ಪತ್ತು ವರ್ಷಗಳ ಬಳಿಕ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟದ ನೆರವು ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇಕಡಾ 25ರಷ್ಟು ಹೆಚ್ಚಿತ್ತು. ಇದು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅಧ್ಯಯನವು ಚಿಕ್ಕದೆಂಬುದು ನಿಜ. ಆದರೆ ಇಷ್ಟು ದೀರ್ಘಕಾಲ ಅದೇ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನಗಳು ವಿರಳ.

ಇದರಿಂದ ಆಹಾರ ಬೇಡವೆಂದು ಯಾರೂ ತಿಳಿಯಬಾರದು. ಹಸಿದ ಮಗು ಆಡಲಾರದು. ಉಂಡ ಮಗುವಿಗೂ ಒಡನಾಟ ಬೇಕು ಎಂಬುದಷ್ಟೇ ಇದರ ಸಾರ. ನಮ್ಮ ಚರಕ ಸಂಹಿತೆಯ ಶಾರೀರಸ್ಥಾನವು ಆಟಿಕೆಗಳ ಲಕ್ಷಣವನ್ನೇ ಹೇಳುತ್ತದೆ: ಬಣ್ಣಬಣ್ಣದವು, ಸದ್ದು ಮಾಡುವವು, ಹಗುರವಾದವು ಆಗಿರಬೇಕು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಎಣ್ಣೆ ಹಚ್ಚುವಾಗ, ಎರೆಯುವಾಗ, ಉಣಿಸುವಾಗ ಮಗುವಿನ ಮುಖ ನೋಡಿ ಮಾತನಾಡಿ. ಕಣ್ಣಿಗೆ ಕಂಡ ವಸ್ತುಗಳ ಹೆಸರು ಹೇಳಿ. ಅದು ತೊದಲಿದರೆ ಮರುನುಡಿಯಿರಿ. ಬಟ್ಟಲು, ಬಟ್ಟೆಯ ಗೊಂಬೆ, ದೊಡ್ಡ ಮುಚ್ಚಳಗಳೇ ಸಾಕು. ತುತ್ತು ಇಳಿಯಲೆಂದು ಕೈಗೆ ಮೊಬೈಲ್ ಕೊಡಬೇಡಿ. ಅದು ಮಗುವಿನ ತೊದಲಿಗೆ ಓಗೊಡುವುದಿಲ್ಲ. ತಾಯಿ ಹೊಲಕ್ಕೋ ಕಚೇರಿಗೋ ಹೋಗುವವಳಾದರೆ ಅಜ್ಜ, ಅಜ್ಜಿ, ತಂದೆ ಈ ಹೊಣೆ ಹೊರಲಿ. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಅಥವಾ ಒಂದೂ ಪದ ನುಡಿಯದಿದ್ದರೆ, “ತಾನಾಗಿ ಸರಿಹೋಗುತ್ತದೆ” ಎಂದು ಕಾಯದೆ ಮಕ್ಕಳ ತಜ್ಞರಿಗೆ ತೋರಿಸಿ.

ಈಗ ನನ್ನ ಔಷಧಿಚೀಟಿಯ ಕೊನೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: ದಿನಕ್ಕೆ ಒಂದು ಗಂಟೆ, ಮಗುವಿನೊಡನೆ ಆಟ.