ನೆಲದಡಿಯ ನೀರನ್ನು ತೂಗುವ ಉಪಗ್ರಹಗಳು

ಸೈಬೀರಿಯದ ಲೀನಾ ನದಿಯು ಸುಮಾರು 4,400 ಕಿಲೋಮೀಟರು ಹರಿದು ಆರ್ಕ್ಟಿಕ್ ಸಾಗರವನ್ನು ಸೇರುತ್ತದೆ. ಅದರ ಜಲಾನಯನ ಪ್ರದೇಶದ ಬಹುಭಾಗದಲ್ಲಿ ನೆಲವು ಹೆಪ್ಪುಗಟ್ಟಿ ಕಲ್ಲಿನಂತಾಗಿದೆ. ಎರಡು ವರ್ಷಗಳಿಗೆ ಕಡಮೆಯಿಲ್ಲದೆ ಸತತವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಥವಾ ಅದಕ್ಕೂ ಕೆಳಗಿನ ಉಷ್ಣತೆಯಲ್ಲಿರುವ ಇಂಥ ನೆಲಕ್ಕೆ ‘ಪರ್ಮಾಫ್ರಾಸ್ಟ್’ ಎಂದು ಹೆಸರು. ಬೇಸಗೆಯಲ್ಲಿ ಅದರ ಮೇಲಿನ ತೆಳುಪದರ ಮಾತ್ರ ಕರಗುತ್ತದೆ. ಕೆಳಗಿನ ಗಟ್ಟಿಪದರವು ನೀರನ್ನು ಆಳಕ್ಕಿಳಿಯಗೊಡುವುದಿಲ್ಲ. ಭೂಮಿಯ ಉಷ್ಣತೆಯೇರಿ ಈ ತಡೆಯೇ ಕರಗತೊಡಗಿದರೆ ನೀರು ಎಲ್ಲಿಗೆ ಹೋದೀತು? ಜನವಿರಳವಾದ ಆ ವಿಶಾಲ ಪ್ರದೇಶದಲ್ಲೆಲ್ಲ ಬಾವಿ ತೋಡಿ ನೋಡುವುದು ಅಸಾಧ್ಯ.

ಆದರೆ ನೀರಿಗೆ ತೂಕವುಂಟು. ತೂಕವುಳ್ಳ ವಸ್ತುವಿಗೆ ಆಕರ್ಷಣೆಯೂ ಉಂಟು. ಈ ತತ್ತ್ವವನ್ನೇ ನಂಬಿ ಅಮೆರಿಕ ಮತ್ತು ಜರ್ಮನಿ ದೇಶಗಳು 2002ರ ಮಾರ್ಚ್ ತಿಂಗಳಲ್ಲಿ ‘ಗ್ರೇಸ್’ ಎಂಬ ಅವಳಿ ಉಪಗ್ರಹಗಳನ್ನು ಹಾರಿಸಿದುವು. ಅವು ಸುಮಾರು 220 ಕಿಲೋಮೀಟರು ಅಂತರದಲ್ಲಿ ಒಂದರ ಹಿಂದೊಂದು ಭೂಮಿಯನ್ನು ಸುತ್ತುತ್ತಿದ್ದುವು. ದ್ರವ್ಯರಾಶಿ ಹೆಚ್ಚಾಗಿರುವ ಸ್ಥಳವನ್ನು ಸಮೀಪಿಸಿದಾಗ ಮುಂದಿನ ಉಪಗ್ರಹವು ಮೊದಲು ಸೆಳೆತಕ್ಕೊಳಗಾಗುವುದರಿಂದ ಅಂತರವು ತುಸು ಹಿಗ್ಗುತ್ತದೆ. ಹಿಂದಿನದು ಅಲ್ಲಿಗೆ ಬಂದಾಗ ಕುಗ್ಗುತ್ತದೆ. ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟಿರುವ ಈ ವ್ಯತ್ಯಾಸವನ್ನು ಸೂಕ್ಷ್ಮತರಂಗಗಳಿಂದ ಅಳೆದು, ತಿಂಗಳು ತಿಂಗಳಿಗೂ ಗುರುತ್ವದ ನಕ್ಷೆಯನ್ನು ರಚಿಸಿದರು. 2017ರಲ್ಲಿ ಈ ಜೋಡಿಯ ಕಾರ್ಯ ಮುಗಿಯಿತು. 2018ರ ಮೇ ತಿಂಗಳಲ್ಲಿ ಹಾರಿದ ಮತ್ತೊಂದು ಜೋಡಿ ಅದನ್ನು ಮುಂದುವರಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಮಂಜುಗಡ್ಡೆಯು ಇದ್ದಲ್ಲಿಯೇ ಕರಗಿ ನೀರಾದರೆ ತೂಕ ಬದಲಾಗದು. ಆದಕಾರಣ ಉಪಗ್ರಹಗಳು ಕರಗುವಿಕೆಯನ್ನು ನೇರವಾಗಿ ಕಾಣಲಾರವು. ಹೊರಗಿನಿಂದ ಬಂದ ಅಥವಾ ಹೊರಕ್ಕೆ ಹೋದ ನೀರನ್ನು ಮಾತ್ರ ತಿಳಿಸಬಲ್ಲವು. 2002ರಿಂದ 2010ರವರೆಗಿನ ಅಳತೆಗಳಲ್ಲಿ ಲೀನಾ ಪ್ರದೇಶದ ನೀರಿನ ಸಂಗ್ರಹ ಹೆಚ್ಚಿದುದು ಕಂಡುಬಂತು. ಹೆಪ್ಪುಗಟ್ಟಿದ ನೆಲವು ಅಖಂಡವಾಗಿರದೆ ಅಲ್ಲಲ್ಲಿ ತುಂಡಾಗಿರುವ ಭಾಗಗಳಲ್ಲಿಯೇ ಈ ಏರಿಕೆ ಪ್ರಧಾನವಾಗಿತ್ತು. ಮಳೆ ಹಿಮಗಳ ನೀರು ಅಲ್ಲಿ ಆಳಕ್ಕಿಂಗಿ ನಿಂತಿದೆಯೆಂಬುದು ಸಂಶೋಧಕರ ಊಹೆ. ನೂರಾರು ಕಿಲೋಮೀಟರುಗಳಿಗಿಂತ ಕಿರಿದಾದ ವಿವರಗಳು ಈ ನಕ್ಷೆಯಲ್ಲಿ ಕಾಣವು. ಹಿಮದ ಹೊದಿಕೆ, ಸರೋವರಗಳು, ಭೂತೊಗಟೆಯ ನಿಧಾನವಾದ ಏರಿಕೆ—ಇವುಗಳ ಪಾಲನ್ನು ಬೇರೆ ಸಾಧನಗಳಿಂದ ಕಂಡುಕೊಂಡು ಕಳೆಯಬೇಕು.

ಇಷ್ಟೊಂದು ಪ್ರಯಾಸವೇಕೆ? ಉತ್ತರದ ಈ ಹೆಪ್ಪುನೆಲದಲ್ಲಿ, ವಾಯುಮಂಡಲದಲ್ಲಿರುವುದರ ಸುಮಾರು ಇಮ್ಮಡಿಯಷ್ಟು ಇಂಗಾಲವು ಸಸ್ಯಾವಶೇಷಗಳ ರೂಪದಲ್ಲಿ ಹುದುಗಿದೆ. ಕರಗಿದ ನೆಲದಿಂದ ನೀರು ಬಸಿದುಹೋದರೆ ಅವು ಗಾಳಿಯೊಡನೆ ಕೂಡಿ ಕೊಳೆತು ಇಂಗಾಲದ ಡೈಆಕ್ಸೈಡನ್ನು ಹೊರಸೂಸುತ್ತವೆ. ನೀರು ನಿಂತು ಜೌಗಾದರೆ ಅದಕ್ಕಿಂತ ಪ್ರಬಲವಾಗಿ ಶಾಖವನ್ನು ಹಿಡಿದಿಡುವ ಮೀಥೇನ್ ಅನಿಲವೂ ಹುಟ್ಟುತ್ತದೆ. ಹೀಗೆ ಲೀನಾ ತೀರದ ನೀರಿನ ಲೆಕ್ಕವು ಇಡೀ ಭೂಮಂಡಲದ ಹವೆಯ ಲೆಕ್ಕಕ್ಕೆ ಸೇರಿದುದಾಗಿದೆ.